ಇನ್ನು ಮುಂದೆ

ಮೇಯೋ ಹಾಲಿನ ಪಕ್ಕ, ಜೆರಾಕ್ಸ್ ಅಂಗಡಿಯ ಗೋಡೆಗೆ ಒರಗಿಸಿದ
ಕುಂಟು ಮೇಜು. ಟೈಪಿಸ್ಟ್ ರುದ್ರಾಚಾರ್ ಕೇಳಿದರು:
ಹಳೆಯ ಹೆಸರು?
ಸಾಕಮ್ಮ.
ಹೊಸದು?
ಅದನ್ನೇ ಸ್ವಾಮಿ, ಇನ್ನೂ ಯೋಚನೆ ಮಾಡ್ತಿದೀನಿ.
ಹಾಗಾದ್ರೆ ಯೋಚನೆ ಮಾಡ್ಕೊಂಡು ಬನ್ನಿ, ಹಿಂದೆ ಜನ ಇದ್ದಾರೆ.

ನಾಲ್ಕನೆಯದೂ ಹೆಣ್ಣು, ಅದಕ್ಕೇ ಸಾಕು.
ನನ್ನ ಮೇಲೆ ಇನ್ನೂ ಎರಡು ಹುಟ್ಟಿದವು;
ಹೆಸರಿಗಿದ್ದ ತಾಕತ್ತು ಅಷ್ಟೇ.

ಹತ್ತೊಂಬತ್ತು ವರ್ಷ ಖಾಕಿಯ ಎದೆಯ ಮೇಲೆ ಅದೇ ಪಟ್ಟಿ.
ಓದಿದವರು ಮುಗುಳ್ನಕ್ಕರು,
ಓದದವರೂ ನನ್ನನ್ನೇ ಕರೆದರು:
ಚಿಲ್ಲರೆ ಇಷ್ಟಿದ್ರೆ ಸಾಕಮ್ಮ.
ಸಿಗ್ನಲ್ ಹತ್ರ ಇಳಿಸಿದ್ರೆ ಸಾಕಮ್ಮ.
ಮದುವೆಮನೆಯಲ್ಲಿ ಸಾರಿನ ಬಕೆಟ್ ಹಿಡಿದು ಹೊರಟರೆ
ಎಲೆಯೆಲೆಯ ಮೇಲೂ ಅಡ್ಡ ಕೈ,
ಸಾಕಮ್ಮ, ಸಾಕಮ್ಮ,
ಇಡೀ ಪಂಕ್ತಿಗೆ ನನ್ನ ಪರಿಚಯ.

ಡಿಪೋದಲ್ಲಿ ಕೇಳಿದರು, ಈ ವಯಸ್ಸಲ್ಲಿ ಯಾಕೆ?
ಟಾಕೀಸು ಹೋದರೂ ಮಿನರ್ವ ಅಂತಲೇ ಕೂಗಲ್ವ ನೀನು?
ಬ್ಯಾಂಕು ಇನ್ನೊಂದರಲ್ಲಿ ಕರಗಿದರೂ ಮೈಸೂರ್ ಬ್ಯಾಂಕು,
ಬೋರ್ಡಿನಲ್ಲಿ ಕೆಂಪೇಗೌಡ, ಬಾಯಲ್ಲಿ ಮೆಜೆಸ್ಟಿಕ್.
ಯಾರಾದರೂ ದಾರಿ ತಪ್ಪಿದರಾ?
ಡ್ರೈವರ್ ಬೋರಲಿಂಗ ಅಂದ:
ಸಾಕಮ್ಮ ಬಿಟ್ಟು ಬೇಕಮ್ಮ ಆಗ್ತೀರಾ?
ಎಲ್ಲರ ಜೊತೆ ನಾನೂ ನಕ್ಕೆ.
ರಾತ್ರಿ ಮಲಗಿ, ಬೇಕು, ಬೇಕು ಎಂದು
ಬಾಯೊಳಗೇ ಹೊರಳಿಸಿ ನೋಡಿದೆ.
ರುಚಿ ಗೊತ್ತಾಗಲಿಲ್ಲ.

ಮಗಳು ಫೋನಿನಲ್ಲಿ ತೆಗೆದು ತೋರಿಸಿದ್ದೆಲ್ಲ
ಎಲ್‌ಕೆಜಿ ಮಕ್ಕಳ ಹೆಸರು.
ನಲವತ್ತಾರರ ಮೊಣಕಾಲು ಅದರೊಳಗೆ ಹಿಡಿಸುವುದಿಲ್ಲ.

ಕಾಮಾಕ್ಷಿಪಾಳ್ಯದ ಮನೆಯಲ್ಲಿ ಅವರೆಕಾಳು ಹಿದುಕುತ್ತಾ
ಅವ್ವ ಇದ್ದಕ್ಕಿದ್ದಂತೆ ಅಂದಳು:
ಅದು ನಾನಿಟ್ಟಿದ್ದಲ್ಲ ಕಣೆ.
ವಾಣಿವಿಲಾಸದಲ್ಲಿ ಬರಕೊಳ್ಳೋಳು ಬಂದಾಗ ನಂಗೆ ಮಂಪರು.
ನಿಮ್ಮಜ್ಜಿ ಹೇಳಿಬಿಟ್ಟಳು.
ನಾನು ಬೇರೆ ಒಂದು ಇಟ್ಕೊಂಡಿದ್ದೆ, ಮನಸಲ್ಲಿ.
ಏನದು?
ಕಾಳು ಪುಳಕ್ಕನೆ ಬಟ್ಟಲಿಗೆ ಹಾರಿತು,
ಸಿಪ್ಪೆ ಬೆರಳಲ್ಲಿ ಉಳಿಯಿತು.
ಮರೆತ್ಹೋಯ್ತು. ಮೂರಕ್ಷರ.
ಒಂದು ‘ಳ’ ಇತ್ತು, ನಾಲಿಗೆ ಮಡಚಬೇಕು ನೋಡು, ಆ ಳ.

ಮಂಜುಳ? ಅಲ್ಲ.
ಊರ್ಮಿಳ? ಅಲ್ಲ.
ಕಾಳಮ್ಮ?
ಅದು ನಿಮ್ಮಜ್ಜೀದು, ಎತ್ತಬೇಡ.

ಮೂರು ದಿನ ಟಿಕೆಟ್ ಹರಿಯುತ್ತಾ ಳ ಹುಡುಕಿದೆ.
ಜಯನಗರದಲ್ಲಿ ಇಲ್ಲ. ಬಳೇಪೇಟೆಯಲ್ಲಿದೆ.
ಗಂಗೇನಹಳ್ಳಿ, ಮಾರತಹಳ್ಳಿ,
ಹಳ್ಳಿ ಅಳಿಸಿದರೂ ಳ ಅಳಿಸಿಲ್ಲ.
ಬೆಂಗಳೂರಿನ ನಡುವೆಯೇ ಕೂತಿದೆ, ಸುರುಳಿ ಸುತ್ತಿಕೊಂಡು,
ಇಷ್ಟು ವರ್ಷ ದಿನಕ್ಕೆ ನೂರು ಸಲ ಅಂದರೂ
ನನಗೆ ಸಿಕ್ಕಿರಲಿಲ್ಲ.
ನಾಲ್ಕನೆಯ ದಿನ ಜಾಮಿನಲ್ಲಿ ಬಸ್ಸು ನಿಂತಾಗ
ಎದುರಿಗೆ ಒಡವೆ ಅಂಗಡಿಯ ಫಲಕ:
ಮುತ್ತು, ಪಚ್ಚೆ, ಹವಳ.

ಹವಳ? ಎಂದೆ, ಚಪ್ಪಲಿ ಬಿಡುವ ಮೊದಲೇ.
ಅವ್ವ ಬಹಳ ಹೊತ್ತು ಸೂರು ನೋಡಿದಳು.
ಇರಬಹುದು, ಅಂದಳು.
ಆಮೇಲೆ: ಅಲ್ಲವೇನೋ.
ಆಮೇಲೆ: ಇಟ್ಕೊ, ಚೆನ್ನಾಗದೆ.

ರುದ್ರಾಚಾರ್ ಇಂಗ್ಲಿಷಿನಲ್ಲಿ ಹೊಡೆದು, ಕನ್ನಡಕ ಏರಿಸಿ ನಕ್ಕರು:
ಹವಾಲಾ ಅಂತ ಓದ್ತಾರೆ ಕಣಮ್ಮ, ಪೊಲೀಸ್ ಬರ್ತಾರೆ ಮನೆಗೆ.
ಆ ಭಾಷೆಯಲ್ಲಿ ಳ ಇಲ್ಲವಂತೆ,
ಒಂದೇ ಲ-ದಲ್ಲಿ ಎಲ್ಲರನ್ನೂ ಹತ್ತಿಸಿಕೊಳ್ಳುತ್ತಾರಂತೆ.
ಹತ್ತಿಸಲಿ. ನಾಲಿಗೆ ನನ್ನದು.

ಇನ್ನು ಮುಂದೆ ಸಕಲ ವ್ಯವಹಾರಗಳಲ್ಲೂ, ಎಂದು ಅವರು ಓದಿದರು.
ಸಹಿಗೆ ಕೂತರೆ ಕೈ ತನ್ನಷ್ಟಕ್ಕೆ ‘ಸಾ’ ಬರೆದುಬಿಟ್ಟಿತು.
ಹೊಸ ಛಾಪಾ ಕಾಗದ, ಮತ್ತೆ ಇಪ್ಪತ್ತು ರೂಪಾಯಿ.
ಹ. ವ.
ಳ-ದ ಸುತ್ತು ಮುಗಿಸುವಾಗ ಉಸಿರು ಹಿಡಿದಿದ್ದೆ.

ಐನೂರರ ನೋಟು ಚಾಚಿದೆ.
ಅವರು ಎಣಿಸಿ ಮುನ್ನೂರು ತಿರುಗಿ ಕೊಟ್ಟು
ನಂಗೆ ಇಷ್ಟು ಸಾಕಮ್ಮ, ಅಂದರು.

ಓ, ಅಂದೆ.